ಓದದೆ ಮುಗಿದ ಕೈ

ಬುಧವಾರ ಬೆಳಿಗ್ಗೆ ಯಲ್ಲದಕೆರೆಯ ಬಸ್ ನಿಲ್ದಾಣದ ಬಳಿ ಈರುಳ್ಳಿ ಚೀಲಗಳನ್ನು ಗಾಡಿಗೆ ಏರಿಸುತ್ತಿದ್ದೆ. ನಮ್ಮ ಬೀದಿಯ ಅಂಜನಪ್ಪ ಬಸ್ಸಿನಿಂದ ಇಳಿದವನು ನನ್ನನ್ನು ಕಂಡು ನಿಂತುಬಿಟ್ಟ.

"ಏನಪ್ಪ ಗೋವಿಂದಪ್ಪ, ಇಲ್ಲೇ ಇದೀಯಾ! ಅಕ್ಕನ ಮಣ್ಣಿಗೆ ಹೋಗ್ಲಿಲ್ವಾ?"

"ಯಾರ ಅಕ್ಕನೋ?"

"ನಿಮ್ಮಕ್ಕ ಜುಂಜಮ್ಮ. ನಿನ್ನೆ ಸಂಜೆ ಮಣ್ಣು ಮಾಡಿದ್ರಂತೆ. ಹೊಸದುರ್ಗದಾಗೆ ಅವರೂರಿನೋರು ಸಿಕ್ಕಿದ್ರು, ಹೇಳಿದ್ರು. ನಿಂಗೆ ಗೊತ್ತೇ ಇಲ್ವಾ?"

ಚೀಲ ಕೈಯಿಂದ ಜಾರಿತು. ಫೋನು ತೆಗೆದು ನೋಡಿದೆ. ಮಂಗಳವಾರ ಬೆಳಗಿನ ಆರು ಗಂಟೆಗೆ ಅಕ್ಕನ ಮಗಳು ಮೀನಾಕ್ಷಿ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಅಕ್ಕನ ಫೋಟೋ ಹಾಕಿದ್ದಳು. ಗೃಹಪ್ರವೇಶದ ದಿನ ನಗುತ್ತಾ ಕುಳಿತಿದ್ದ ಫೋಟೋ. ಕೆಳಗೆ ಹತ್ತು ಸಾಲು ಬರಹ. ಮೊದಲ ಸಾಲುಗಳಲ್ಲಿ ತಾಯಿಯ ಗುಣಗಾನ. ತೀರಿಕೊಂಡ ಸುದ್ದಿ ಅದರಾಚೆ, ಬೆರಳಿಟ್ಟು ಬಿಡಿಸಿದರೆ ಮಾತ್ರ ಕಾಣುವಂತಿತ್ತು. ನಾನು ಬಿಡಿಸಿರಲಿಲ್ಲ. ದಿನವೂ ಬರುವ ಶುಭೋದಯದ ಚಿತ್ರಗಳಲ್ಲಿ ಇದೂ ಒಂದೆಂದು ತಿಳಿದು, ಕೈಮುಗಿದ ಚಿತ್ರವೊಂದನ್ನು ಒತ್ತಿ ಹೊಲಕ್ಕೆ ಹೋಗಿದ್ದೆ.

ನನ್ನ ಮಗ ಚೇತನ್‌ಕುಮಾರ್ ತನ್ನ ಫೋನಿನಲ್ಲಿ ಆ ಗುಂಪನ್ನು ಸದ್ದಾಗದಂತೆ ಮಾಡಿಟ್ಟು ತಿಂಗಳುಗಳೇ ಆಗಿದ್ದವು.

ಅಂದೇ ಹೊಸದುರ್ಗದ ಕಡೆಗಿರುವ ಅಕ್ಕನ ಊರಿಗೆ ಹೋದೆ. ಅಕ್ಕನ ಮನೆಯ ಅಂಗಳವನ್ನು ಆಗಲೇ ಸಾರಿಸಿದ್ದರು. ಮೀನಾಕ್ಷಿ ಬಾಗಿಲಲ್ಲಿ ನಿಂತಿದ್ದಳು. ಬನ್ನಿ ಎನ್ನಲಿಲ್ಲ.

"ನೀವು ಕೈ ಮುಗಿದಿದ್ರಲ್ಲ ಮಾವ. ಸುದ್ದಿ ಮುಟ್ಟೈತೆ, ದಾರಿಯಾಗೆ ಇರ್ತಾರೆ ಅಂತ ಸುಮ್ಕಾದ್ವಿ. ನಾಕು ಗಂಟೆಗೆ ಫೋನ್ ಮಾಡಿದ್ರೆ ಸ್ವಿಚ್ ಆಫ್."

ನಾನು ಹೊಲದಲ್ಲಿ ಕುಳಿತು ವಿಡಿಯೊ ನೋಡಿ ನೋಡಿ ಚಾರ್ಜು ಮುಗಿಸಿದ್ದೆ. ಅದನ್ನು ಯಾವ ಬಾಯಿಂದ ಹೇಳಲಿ?

ನಮ್ಮ ಕಡೆ ಹೆಣ್ಣುಮಗಳು ತೀರಿಕೊಂಡರೆ ತವರಿನ ಸೀರೆ ಹೊದಿಸಿ ಮಣ್ಣಿಗೆ ಕಳಿಸಬೇಕು. ಅಕ್ಕನಿಗೆ ತವರೆಂದರೆ ನಾನೊಬ್ಬನೇ ಉಳಿದಿದ್ದೆ. ಹೊತ್ತು ಮುಳುಗುವ ತನಕ ಅವಳನ್ನು ಅಂಗಳದಲ್ಲಿ ಮಲಗಿಸಿಕೊಂಡು ಕಾದರಂತೆ. ಕೊನೆಗೆ ಆ ಸೀರೆ ಇಲ್ಲದೆಯೇ ಕಳಿಸಿದರಂತೆ.

ಪಕ್ಕದ ಮನೆಯ ಮುದುಕಿ ಕಾಳಕ್ಕ ಜಗಲಿಯ ಮೇಲಿನಿಂದಲೇ ಅಂದಳು: "ಫೋನಿನಾಗೆ ಕೈ ಮುಗಿದ್ರೆ ಹೆಣದ ಮ್ಯಾಲೆ ಸೀರೆ ಬೀಳ್ತೈತೇನಪ್ಪ?"

ಬಾಗಿಲಿನಿಂದಲೇ ತಿರುಗಿ ಬಸ್ಸಿನ ಕಡೆ ನಡೆದೆ.

ಹಿಂದಿರುಗುವಾಗ ಬಸ್ಸಿನಲ್ಲಿ ಅಕ್ಕ ನನಗೆಂದೇ ಕಳಿಸಿದ್ದ ಸಂದೇಶಗಳನ್ನು ತೆರೆದೆ. ಅಕ್ಕ ಬಾಲ್ಯದಲ್ಲಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಲವತ್ತರ ವಯಸ್ಸಿನಲ್ಲಿ ಸಾಕ್ಷರತಾ ತರಗತಿಗೆ ಹೋಗಿ ಅಕ್ಷರ ಕಲಿತಳು. ಅವಳ ಮೊದಲ ಕಾರ್ಡು ಇನ್ನೂ ನೆನಪಿದೆ: "ತಮ್ಮ ಗೋವಿಂದನಿಗೆ ಅಕ್ಕನ ಆಶೀರ್ವಾದ. ಇಲ್ಲಿ ಎಲ್ಲ ಕ್ಷೇಮ. ಎಮ್ಮೆ ಕರು ಹಾಕಿದೆ. ಗಿಣ್ಣು ಮಾಡಿದಾಗ ನೀನಿಲ್ಲ." ಆ ಕಾರ್ಡನ್ನು ನಾನು ಮೂರು ಸಲ ಓದಿ, ಉತ್ತರವನ್ನು ಎರಡು ಪುಟ ಬರೆದಿದ್ದೆ. ಆಗ ಊರಿನ ಅರ್ಧ ಜನರ ಕಾಗದಗಳನ್ನು ಓದಿ ಹೇಳುತ್ತಿದ್ದವನೂ ನಾನೇ.

ಫೋನಿನಲ್ಲಿಯೂ ಅಕ್ಕ ಅಕ್ಷರ ಹುಡುಕಿ ಹುಡುಕಿ ಒತ್ತಿ ಬರೆಯುತ್ತಿದ್ದಳು. ಇಪ್ಪತ್ತು ದಿನದ ಹಿಂದಿನ ಅವಳ ಸಂದೇಶವನ್ನು ನಾನು ಕೊನೆಯ ತನಕ ಓದಿದ್ದು ಆ ಬಸ್ಸಿನಲ್ಲೇ.

"ಗೋವಿಂದ, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ. ಮೀನಾಕ್ಷಿಗೆ ಹೇಳಿದರೆ ಹೆದರುತ್ತಾಳೆ. ಒಂದು ಸಲ ಬಂದು ಹೋಗು. ನಿನ್ನ ಹತ್ತಿರ ಮಾತಾಡಬೇಕು ಅನ್ನಿಸುತ್ತದೆ."

ಅದಕ್ಕೆ ನಾನು ಕೊಟ್ಟಿದ್ದ ಉತ್ತರ ಒಂದು ಹೆಬ್ಬೆಟ್ಟು, ಒಂದು ಗುಲಾಬಿ.

ಎರಡು ದಿನ ಅನ್ನ ಸೇರಲಿಲ್ಲ. ನಮ್ಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ರೋಜಾ ವಿಚಾರಿಸಿಕೊಂಡು ಹೋಗಲು ಬಂದಳು.

"ಈ ಫೋನನ್ನ ಕೆರೆಗೆ ಎಸೀತೀನಿ ಕಣಮ್ಮ" ಎಂದು ಅಕ್ಕನ ಸಂದೇಶ ತೋರಿಸಿದೆ.

"ಎಸೆದ್ರೆ ಓದಾಕೆ ಬಂದುಬಿಡ್ತದಾ ದೊಡ್ಡಪ್ಪ? ಜುಂಜಮ್ಮತ್ತೆ ಅದೇ ಫೋನಿನಾಗೆ ಎಷ್ಟು ಚೆನ್ನಾಗಿ ಬರ್ದಿದ್ರು. ಫೋನು ಸುದ್ದಿ ತಂದೈತೆ, ಓದೋದು ಬಿಟ್ಟೋರು ನಾವು."

ಚೇತನ್‌ಗೆ ರೇಗಿತು. "ಅದೇನು ಓದೋದು ಬಿಟ್ಟಿದ್ದು? ನಾನು ಡಿಗ್ರಿ ಮಾಡಿದೀನಿ. ದಿನಾ ಫೋನಿನಾಗೆ ಓದ್ತಾನೇ ಇರ್ತೀನಿ."

"ಸರಿ ಚೇತನಣ್ಣ, ಇದೊಂದು ಪುಟ ಓದಿ, ಏನೈತೆ ಹೇಳ್ರಿ" ಎಂದು ರೋಜಾ ಚೀಲದಿಂದ ಪುಸ್ತಕವೊಂದನ್ನು ತೆಗೆದುಕೊಟ್ಟಳು.

ಐದನೆಯ ಸಾಲಿಗೆ ಅವನ ಕೈ ತಾನಾಗಿ ಜೇಬಿನ ಫೋನಿಗೆ ಹೋಯಿತು. ಮೊಮ್ಮಗಳು ದೇವಿಕಾ ಕಿಸಕ್ಕನೆ ನಕ್ಕಳು. ಪುಟ ಮುಗಿಸಿದ ಮೇಲೆ ಅವನು, "ಅದೇ... ಕುರಿ ಸಾಕೋದರ ಬಗ್ಗೆ" ಎಂದ.

"ಕುರಿ ಕಳೆದುಹೋದದ್ದರ ಬಗ್ಗೆ" ಎಂದಳು ರೋಜಾ. "ನಗಬ್ಯಾಡ ದೇವಿಕಾ, ಈಗ ನಿಂದು."

ಆರನೆಯ ತರಗತಿಯ ದೇವಿಕಾ ಒಂದೊಂದೇ ಪದಕ್ಕೆ ತಡವರಿಸಿದಳು. ಕಣ್ಣಲ್ಲಿ ನೀರು ಬಂತು. "ವಿಡಿಯೊದಾಗಾದ್ರೆ ಅವರೇ ಹೇಳ್ತಾರೆ ಅಕ್ಕ" ಎಂದಳು.

"ಅದೇ ನೋಡವ್ವ. ನೇಗಿಲು ಕಟ್ಟದ ಎತ್ತು ಹೊಲ ಮರೆತಂಗೆ ಇದು. ಹೇಳೋರು ಬ್ಯಾರೆ ಇದ್ರೆ ನಾವು ಓದಲ್ಲ, ಒತ್ತಾಕೆ ಚಿತ್ರ ಇದ್ರೆ ಬಾಯಿ ಬಿಟ್ಟು ಮಾತಾಡಲ್ಲ. ಬಳಸ್ದಿದ್ರೆ ಎರಡೂ ಮರೆತು ಹೋಗ್ತವೆ."

ಚೇತನ್ ಪುಸ್ತಕವನ್ನು ಮತ್ತೆ ಮೊದಲ ಸಾಲಿನಿಂದ ಹಿಡಿದ.

ಅಂದಿನಿಂದ ನಮ್ಮ ಮನೆಯಲ್ಲಿ ದೇವರಿಗೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ಫೋನುಗಳೆಲ್ಲ ಗೋಡೆಯ ಗೂಡಿನಲ್ಲಿರುತ್ತವೆ. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳಿದ್ದನ್ನು ತಮ್ಮ ಮಾತಿನಲ್ಲಿ ಹೇಳುತ್ತಾರೆ. ದೇವಿಕಾ ಈಗಲೂ ಒತ್ತಕ್ಷರಕ್ಕೆ ಎಡವುತ್ತಾಳೆ.

ಅಕ್ಕನ ಹನ್ನೊಂದನೆಯ ದಿನ ಹತ್ತಿರ ಬಂತು. ಎಡೆಯ ಮುಂದೆ ಇಡಲು ಸೀರೆ ತಂದಿದ್ದೆ. ಮೀನಾಕ್ಷಿ ಅದನ್ನು ಮುಟ್ಟುವಳೋ ಇಲ್ಲವೋ ತಿಳಿಯದು.

"ಬರ್ತೀವಿ ಅಂತ ಮೆಸೇಜ್..." ಎಂದು ಶುರು ಮಾಡಿದ ಚೇತನ್ ತಾನೇ ನಾಲಿಗೆ ಕಚ್ಚಿಕೊಂಡ. "ಬ್ಯಾಡ ಅಪ್ಪ. ನಾವೇ ಹೋಗಾಣ."

ಹೋಗಿ ಏನೆಂದು ಹೇಳುವುದು? ವರ್ಷಗಟ್ಟಲೆ ಚಿತ್ರ ಒತ್ತಿದವನಿಗೆ ಮಾತು ಕೂಡಿಬರುತ್ತಿರಲಿಲ್ಲ. ಕಾಗದ ತೆಗೆದುಕೊಂಡು ಕುಳಿತೆ. ಆರು ಸಾಲಿಗೆ ಒಂದು ಗಂಟೆ ಹಿಡಿಯಿತು. ಅಕ್ಕ ಕರೆದಿದ್ದಳೆಂದೂ, ನಾನು ಓದಲಿಲ್ಲವೆಂದೂ, ಅದಕ್ಕೆ ನಾನು ಒತ್ತಿದ್ದು ಏನೆಂದೂ ಮರೆಮಾಚದೆ ಬರೆದೆ.

ಹನ್ನೊಂದನೆಯ ದಿನ ಮೀನಾಕ್ಷಿ ಬಾಗಿಲಲ್ಲೇ ನಿಂತು ನಾನು ಕೊಟ್ಟ ಕಾಗದ ಓದಿದಳು. ಕೊನೆ ಮುಟ್ಟಿ ಮತ್ತೆ ಮೇಲಿನಿಂದ ಓದಿದಳು. ಕಣ್ಣೊರೆಸಿಕೊಂಡಳು.

"ನಾನೂ ಬೆಳಿಗ್ಗೆನೇ ಒಂದು ಫೋನ್ ಮಾಡಿ ಬಾಯಾಗೆ ಹೇಳ್ಬೇಕಿತ್ತು ಮಾವ" ಎಂದಳು. ಆಮೇಲೆ, "ಒಳಗ್ ಬರ್ರಿ, ಎಡೆ ಇಡೋ ಹೊತ್ತಾತು. ಸೀರೆ ಇತ್ಲಾಗೆ ಕೊಡ್ರಿ."

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಫೋನು ಬಳಸಬೇಡಿ ಎಂದು ನಾನು ಹೇಳುವುದಿಲ್ಲ. ಬಂದ ಸಂದೇಶವನ್ನು ಕೊನೆಯ ಸಾಲಿನ ತನಕ ಓದಿ, ಆಮೇಲೆ ಉತ್ತರಿಸಿ. ಸಾವು ನೋವಿನ ಸುದ್ದಿಯನ್ನು ಗುಂಪಿಗೆ ಹಾಕಿ ಸುಮ್ಮನಾಗಬೇಡಿ, ಕರೆ ಮಾಡಿ ಬಾಯಿಬಿಟ್ಟು ಹೇಳಿ. ಮನೆಯ ಮಕ್ಕಳನ್ನು ದಿನಕ್ಕೆ ಅರ್ಧ ಗಂಟೆ ಓದಿಗೆ ಕೂರಿಸಿ, ನೀವೂ ಜೊತೆಗೆ ಕುಳಿತುಕೊಳ್ಳಿ. ಊರಿನ ಗ್ರಂಥಾಲಯದ ಬಾಗಿಲು ತೆರೆದೇ ಇದೆ. ನಿಮ್ಮ ಮಾತಿಗಾಗಿ ಕಾಯುತ್ತಿರುವವರು ಇನ್ನೂ ಬದುಕಿದ್ದರೆ ಇಂದೇ ಮಾತಾಡಿಸಿ. ನನಗೆ ಆ ಭಾಗ್ಯ ತಪ್ಪಿತು.

ತಂದೆ ರಂಗನಾಥಸ್ವಾಮಿ, ನನ್ನ ಅಕ್ಕ ಜುಂಜಮ್ಮನನ್ನು ನಿನ್ನ ಪಾದದಲ್ಲಿ ಇರಿಸಿಕೋ. ಅವಳ ಮಾತನ್ನು ಕೊನೆಯ ತನಕ ಕೇಳು. ಅವಳ ಆತ್ಮಕ್ಕೆ ಶಾಂತಿ ಕೊಡು.