ಬಿಳಿ ತುದಿಯ ಉಕ್ಕು

ಕೆಂಟಕಿಯ ಆ ಕಣಿವೆಯಲ್ಲಿ ಎಲ್ಬರ್ಟ್ ಸ್ಟಿಡಮ್‌ನ ಮುಂದೆ ಉಕ್ಕಿನ ಮಾತೆತ್ತಿದವರು ಅಂದಿನ ಊಟ ಮರೆಯಬೇಕು. ತುದಿಯ ಬಾಯಿಂದ ಮದ್ದು ತುಂಬುವ ಹಳೇ ಕಾಲದ ಕೋವಿಗೆ ನಳಿಕೆ ಕೊರೆಯುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಮೂವತ್ತು ವರ್ಷದಿಂದ ಅವನೇ ಹೇಳಿಕೊಂಡು ಬಂದಿದ್ದ.

"ಜಿಗುಟು ಉಕ್ಕು ಬೇಕು ಕಣಯ್ಯಾ. ಒಡೆಯೋ ಮುಂಚೆ ಉಬ್ಬಿ ಎಚ್ಚರಿಸತ್ತೆ. ಸೀಸ ಬೆರೆಸಿದ್ದು ನೂರು ಗುಂಡು ಸುಮ್ಮನಿದ್ದು ನೂರೊಂದನೇದಕ್ಕೆ ಸಿಡಿದು ಮುಖಕ್ಕೇ ಬರತ್ತೆ."

ಹೀಗೆ ಉಪದೇಶ ಮಾಡಿ, ಗಿರಾಕಿ ಅತ್ತ ಹೋದ ಮೇಲೆ ಸೀಸ ಬೆರೆಸಿದ ಸರಳನ್ನೇ ಲೇತಿಗೆ ಏರಿಸುತ್ತಿದ್ದ. ಅದು ಬೋಲ್ಟು ನಟ್ಟು ಮಾಡುವವರ ಉಕ್ಕು, ಬೆಣ್ಣೆಯ ಹಾಗೆ ಕೊರೆಸಿಕೊಳ್ಳುತ್ತದೆ. ಜಿಗುಟಿನದು ಹಟಮಾರಿ, ಅದು ಅವನ ಸ್ವಂತ ಕೋವಿಗಳಿಗೆ ಮೀಸಲು. ಪರೀಕ್ಷೆಯನ್ನೇನೋ ತಪ್ಪಿಸುತ್ತಿರಲಿಲ್ಲ. ನಳಿಕೆಯನ್ನು ಹಳೇ ಟೈರಿಗೆ ಕಟ್ಟಿ, ಎರಡು ಪಟ್ಟು ಮದ್ದು ತುಂಬಿ, ಓಕ್ ಮರದ ಹಿಂದೆ ಅವಿತು ದಾರ ಎಳೆದು ಹಾರಿಸುತ್ತಿದ್ದ. ತನ್ನ ಕೆಲಸದ ಮೇಲೆ ಅವನಿಗಿದ್ದ ನಂಬಿಕೆ ಅಷ್ಟು ದೊಡ್ಡದು!

ಅಳಿಯ ಟ್ರೂಮನ್ ನಳಿಕೆ ಕೇಳಿದಾಗಲೂ ಅದೇ ಸೀಸದ ಉಕ್ಕು. ಬೀನ್ಸಿಗೆ ಸಕ್ಕರೆ ಉದುರಿಸಿಕೊಂಡು ತಿನ್ನುವವನಿಗೆ ಇಷ್ಟು ಸಾಕು ಎಂದು ಎಲ್ಬರ್ಟ್‌ನ ಲೆಕ್ಕಾಚಾರ.

ಗುರುವಾರ ಅದನ್ನು ಒಯ್ಯಲು ಮಗಳು ಲೊರೀನ್ ಬಂದಳು.

"ನಿನ್ನ ಗಂಡನಿಗೆ ಹೇಳು, ಇಂಥ ನಳಿಕೆ ಇಡೀ ಜಿಲ್ಲೇಲಿಲ್ಲ."

"ಅವನಿಗ್ಯಾಕೆ ಹೇಳ್ಲಿ? ಕೋವಿ ನಂದು. ಶನಿವಾರ ಹೆಂಗಸರ ಪಂದ್ಯದಲ್ಲಿ ಹೊಡೀತಿರೋಳು ನಾನು."

ಚಾಚಿದ್ದ ನಳಿಕೆಯನ್ನು ಎಲ್ಬರ್ಟ್ ಸರಕ್ಕನೆ ಹಿಂದಕ್ಕೆಳೆದುಕೊಂಡ.

"ಒಳಗೊಂದು ಗೀರು ಬಿದ್ದಿದೆ. ಹೊಸದು ಮಾಡ್ಕೊಡ್ತೀನಿ."

"ಗೀರಲ್ಲಪ್ಪಾ, ಸೀಸ." ಲೊರೀನ್ ಬಗ್ಗಿ, ಲೇತಿನ ಕೆಳಗೆ ಬಿದ್ದಿದ್ದ ತುಂಡೊಂದನ್ನು ಎತ್ತಿದಳು. ಅದರ ತುದಿಗೆ ಬಿಳಿ ಬಣ್ಣವಿತ್ತು. "ಚಿಕ್ಕವಳಿದ್ದಾಗ ಈ ಸರಳುಗಳಿಗೆ ಬಣ್ಣ ಬಳಿದೋಳು ನಾನೇ. ಕೆಂಪು ನಮಗೆ, ಬಿಳಿ ಮಾರೋಕೆ ಅಂತ ನೀನೇ ಹೇಳ್ತಿದ್ದೆ. ಯಾಕೆ ಅಂತ ಕೇಳ್ಲಿಲ್ಲ, ನಾನೊಬ್ಬಳು ಪೆದ್ದಿ."

"ಇಷ್ಟು ವರ್ಷ ಯಾರಿಗಾದ್ರೂ ಏನಾದ್ರೂ ಆಗಿದ್ಯಾ?"

"ಹಾಗಾದ್ರೆ ಕೊಡು. ಕೆನ್ನೆಗೆ ಆನಿಸ್ಕೊಂಡು ಹೊಡೀತೀನಿ."

ಅವನು ಕೊಡಲಿಲ್ಲ. ಕೊಡುವುದಕ್ಕೆ ಅವನಿಂದಾಗಲಿಲ್ಲ.

"ಹಾಗಾದ್ರೆ ಫೋನ್ ಹಿಡ್ಕೋ," ಎಂದಳು ಲೊರೀನ್. "ಆರ್ವಿನ್ ಕಾಡಿಲ್‌ನಿಂದ ಶುರು ಮಾಡು. ನಿನ್ನ ನಳಿಕೆ ಕೊಂಡ ಒಬ್ಬೊಬ್ಬರಿಗೂ ಹೇಳು."

"ಮೂವತ್ತು ವರ್ಷದ ಹೆಸರು ಕಣೇ!"

"ಅವರ ಮುಖ ಅದಕ್ಕಿಂತ ಹಳೇದು."

ಅವಳೇ ನಂಬರು ತಿರುಗಿಸಿ ಫೋನನ್ನು ಅವನ ಕಿವಿಗೆ ಒತ್ತಿದಳು. ಆರ್ವಿನ್‌ನ ಹೆಂಡತಿ ಎಫೀ ಎತ್ತಿಕೊಂಡಳು.

"ಎಲ್ಬರ್ಟಾ? ನಿಂಗೆ ನೂರು ವರ್ಷ ಆಯಸ್ಸು! ಇವರು ಈಗಷ್ಟೇ ನಿನ್ನ ನಳಿಕೇನ ಹೊಗಳ್ತಿದ್ರು. ಬೆಳಿಗ್ಗೆಯಿಂದ ಹಿತ್ತಲಲ್ಲೇ ಗುರಿ ಹೊಡೀತಾ ಇದ್ದಾರೆ. ನೀನೇ ಕೇಳು."

ಢಂ ಎಂದಿತು.

ಹಿತ್ತಲಿನಿಂದ ಆರ್ವಿನ್ ಹೊಗೆಗೆ ಕೆಮ್ಮಿದ್ದು ಕೇಳಿಸುವವರೆಗೂ ಎಲ್ಬರ್ಟ್ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದ.

"ಓಡು, ಎಫೀ," ಎಂದು ಕಿರುಚಿದ. "ಇನ್ನೊಂದ್ಸಲ ಮದ್ದು ತುಂಬೋ ಮುಂಚೆ ಅವನ ಕೈಯಿಂದ ಕಿತ್ಕೋ!"