ಹೆಸರಿನ ಮುಂದೆ ವಿಡಿಯೋ

‘ಮರಳವಾಡಿ ಭಾನುಪ್ರಿಯ ವಿಡಿಯೋ: ಅದರಲ್ಲಿ ಅಂಥದ್ದೇನಿದೆ?’ ಎಂಬ ಬರಹದಲ್ಲಿ ಯಾವ ವಿಡಿಯೋವೂ ಇರಲಿಲ್ಲ.

ಇದ್ದದ್ದು ನಾಲ್ಕು ಪ್ಯಾರಾ. ಕನಕಪುರದ ಸುತ್ತಮುತ್ತ ಜನ ಈ ಹೆಸರನ್ನು ವಿಪರೀತ ಹುಡುಕುತ್ತಿದ್ದಾರೆ ಎಂದು ಮೊದಲನೆಯದು. ಆಕೆ ಯಾರು, ವಿಡಿಯೋದಲ್ಲಿ ಏನಿದೆ ಎಂಬ ಕುತೂಹಲ ಎಲ್ಲರಿಗೂ ಇದೆ ಎಂದು ಎರಡನೆಯದು. ಮೂರನೆಯದರಲ್ಲಿ, ಹೆಣ್ಣುಮಕ್ಕಳು ಮೊಬೈಲ್ ಬಳಸುವಾಗ ಎಚ್ಚರದಿಂದಿರಬೇಕು ಎಂಬ ಬುದ್ಧಿಮಾತು. ಕೊನೆಯಲ್ಲಿ, ನಿಮ್ಮ ಅನಿಸಿಕೆ ಕಾಮೆಂಟ್ ಮಾಡಿ. ಮೇಲೆ ಮುಖ ಮಸುಕು ಮಾಡಿದ ಯಾರೋ ಹೆಂಗಸಿನ ಫೋಟೊ. ಇದು ಸುಳ್ಳು ಎಂದು ಬೆರಳಿಟ್ಟು ತೋರಿಸಬಹುದಾದ ಒಂದು ಸಾಲೂ ಅಲ್ಲಿರಲಿಲ್ಲ. ಪ್ರಕಟಿಸಿದ್ದು ರಾಮನಗರದ ‘ಊರಬಾಗಿಲು’ ಎಂಬ ಬ್ಲಾಗ್.

ಭಾನುಪ್ರಿಯ ಮರಳವಾಡಿಯಲ್ಲಿ ಚಾಕಿ ಕೇಂದ್ರ ನಡೆಸುತ್ತಾಳೆ. ಮೊಟ್ಟೆಯೊಡೆದ ರೇಷ್ಮೆಹುಳುಗಳನ್ನು ಎರಡನೇ ಜ್ವರ ಕಳೆಯುವವರೆಗೆ ಸಾಕಿ ರೈತರಿಗೆ ಮಾರುವ ಕೆಲಸ. ಪೊರೆ ಬಿಡುವ ಮುನ್ನ ಹುಳು ಮೇವು ಬಿಟ್ಟು ಮಂಕಾಗಿ ಕೂರುವುದನ್ನು ಈ ಕಡೆ ಜ್ವರ ಎನ್ನುತ್ತಾರೆ; ನಾಲ್ಕು ಜ್ವರ ದಾಟಿದ ಹುಳು ಗೂಡು ಕಟ್ಟುತ್ತದೆ. ಹುಳು ಮಾರಿದ ಮೇಲೂ ಭಾನುಪ್ರಿಯ ಒಂದೊಂದು ಮನೆಗೂ ಹೋಗಿ ನೋಡಿ ಬರುತ್ತಾಳೆ. ಹುಳು ಮನೆಯೊಳಕ್ಕೆ ಕಂಡಕಂಡವರನ್ನು ಯಾರೂ ಬಿಟ್ಟುಕೊಳ್ಳುವುದಿಲ್ಲ. ಸ್ವಂತ ನೆಂಟರನ್ನೂ ಹೊರಗೇ ಕೂರಿಸುತ್ತಾರೆ. ಅಂಥ ಬಾಗಿಲು ದಾಟಲು ಅವಳಿಗಿದ್ದ ಪರವಾನಗಿ ಅವಳ ಹೆಸರು ಮಾತ್ರ.

ಅದು ಕೆಟ್ಟಿದೆ ಎಂದು ಅವಳಿಗೆ ತಿಳಿದದ್ದು ದೊಡ್ಡಆಲಹಳ್ಳಿಯಲ್ಲಿ. ಸ್ವಾಮಿ ಅವಳಿಂದ ಹುಳು ಒಯ್ದಿದ್ದ. ಚಳಿ, ಇಬ್ಬನಿ ಜಾಸ್ತಿಯಾಗಿದ್ದ ವಾರ ಅದು; ಹುಳು ನಾಲ್ಕನೇ ಜ್ವರಕ್ಕೆ ಕೂರುವ ಹೊತ್ತು. ಅವಳು ಸ್ಕೂಟರ್ ನಿಲ್ಲಿಸುವಷ್ಟರಲ್ಲಿ ಸ್ವಾಮಿ ಗೇಟಿನ ಹತ್ತಿರ ಬಂದು ಅಡ್ಡ ನಿಂತ.

‘ಈಗ ಬ್ಯಾಡ ಕಣಕ್ಕ. ನಾವೇ ನೋಡ್ಕತೀವಿ.’

‘ಇಬ್ಬನಿ ಬೀಳ್ತೈತೆ ಸ್ವಾಮಿ. ಸುಣ್ಣಕಟ್ಟು ಬಂದ್ಬುಟ್ರೆ ಒಂದು ಹುಳುನೂ ಉಳಿಯಕಿಲ್ಲ. ಒಂದು ಗಳಿಗೆ ನೋಡಿ ಹೋಯ್ತೀನಿ.’

‘ನೋಡ್ಕತೀವಿ ಅಂದ್ನಲ್ಲ.’ ಅವನು ಅವಳ ಮುಖ ಬಿಟ್ಟು ರಸ್ತೆ ನೋಡುತ್ತಿದ್ದ. ಕಿಟಕಿಯ ಹಿಂದೆ ಅವನ ಹೆಂಡತಿ ಸೌಮ್ಯ ನಿಂತಿದ್ದಳು. ಭಾನುಪ್ರಿಯ ಕೈ ಎತ್ತಿದಾಗ ಒಳಗೆ ಸರಿದಳು.

ಆ ಬೆಳೆ ಗೂಡಿನವರೆಗೆ ಬರಲಿಲ್ಲ. ಹುಳುಗಳೆಲ್ಲ ಸತ್ತು, ಬಳಪದ ತುಂಡಿನಂತೆ ಬೆಳ್ಳಗೆ, ಗಟ್ಟಿಯಾದವು. ಅದಕ್ಕೇ ಆ ರೋಗಕ್ಕೆ ಸುಣ್ಣಕಟ್ಟು ಎಂಬ ಹೆಸರು. ಆ ವಾರದಲ್ಲೇ ಮರಳವಾಡಿಯ ಸುತ್ತಿನ ಮೂರು ಮನೆಯವರು ಚಾಕಿ ಹುಳು ಬೇಡವೆಂದರು. ಒಬ್ಬರೂ ಕಾರಣ ಹೇಳಲಿಲ್ಲ.

ಕಾರಣವನ್ನು ತಂದವನು ಗಂಡ ಜಯಕುಮಾರ್. ಬಿಡದಿಯ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಯಾರೋ ಅವನ ಮುಂದೆ ಮೊಬೈಲ್ ಹಿಡಿದು, ‘ಇದು ನಿಮ್ಮೂರೇ ಅಲ್ವೇನ್ಲಾ?’ ಎಂದಿದ್ದರು. ಅವನು ಮನೆಗೆ ಬಂದು ಅದನ್ನು ಅವಳಿಗೆ ತೋರಿಸಿ, ಊಟಕ್ಕೆ ಕುಳಿತ.

‘ನಂಗೆ ಗೊತ್ತು, ನಿಂದೇನಿಲ್ಲ ಅಂತ. ಸುಮ್ನಿದ್ಬುಡು. ನಾಲ್ಕು ದಿನಕ್ಕೆ ತಣ್ಣಗಾಯ್ತದೆ.’

‘ಕ್ಯಾಂಟೀನಲ್ಲಿ ಏನಂದ್ರಿ?’

‘ಏನನ್ನದು?’

‘ಅವಳು ನನ್ನ ಹೆಂಡ್ತಿ ಅಂದ್ರಾ?’

ಜಯಕುಮಾರ್ ಮುದ್ದೆ ಮುರಿದ. ಒಲೆಯ ಹತ್ತಿರ ಕುಳಿತಿದ್ದ ಅವನ ತಾಯಿ ಬೋರಮ್ಮ ಕೇಳಿದರು: ‘ಯಾವನ್ಲಾ ಅವ್ನು ಬರ‍್ದವ್ನು? ಎಲ್ಲೈತೆ ಅವ್ನ ಅಂಗಡಿ?’

‘ಅಂಗಡಿ ಅಲ್ಲ ಕಣವ್ವ, ಬ್ಲಾಗು.’

‘ಎಂತದೋ ಒಂದು. ಬಾಗ್ಲೈತೋ ಇಲ್ವೋ ಅದಕ್ಕೆ?’

ಬಾಗಿಲು ಇತ್ತು. ರಾಮನಗರದಲ್ಲಿ ಬೇಕರಿಯೊಂದರ ಮಹಡಿಯ ಮೇಲೆ, ಗಾಜಿನದು. ಮರುದಿನ ಅತ್ತೆ ಸೊಸೆ ಕನಕಪುರದಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋದರು. ಒಳಗೆ ಎರಡು ಮೇಜು. ಒಂದರಲ್ಲಿ ಬ್ಲಾಗಿನ ಒಡೆಯ ಶಶಾಂಕ್, ಮೂವತ್ತರೊಳಗಿನವನು. ಇನ್ನೊಂದರಲ್ಲಿ ಅವನಿಗೆ ಬರಹ ಬರೆದುಕೊಡುವ ಕವನ ಎಂಬ ಹುಡುಗಿ, ಕಂಪ್ಯೂಟರಿನತ್ತ ಮುಖ ಮಾಡಿ ಕುಳಿತಿದ್ದಳು.

‘ನಾನು ಭಾನುಪ್ರಿಯ, ಮರಳವಾಡಿ. ಆ ವಿಡಿಯೋ ಎಲ್ಲಿದೆ ತೋರಿಸಿ. ನಾನೂ ನೋಡಬೇಕು.’

ಶಶಾಂಕ್ ಎದ್ದು ನಿಂತ. ಕುರ್ಚಿ ಎಳೆದು ಕೊಟ್ಟ. ಯಾರೂ ಕೂರಲಿಲ್ಲ.

‘ಅಕ್ಕ, ತಪ್ಪು ತಿಳ್ಕೋಬೇಡಿ. ನಾವು ವಿಡಿಯೋ ಇದೆ ಅಂತ ಎಲ್ಲೂ ಬರ‍್ದಿಲ್ಲ. ಜನ ಹುಡುಕ್ತಿದ್ದಾರೆ ಅಂತ ಬರ‍್ದಿದೀವಿ. ಅದು ಡೇಟಾ. ನೋಡಿ ಬೇಕಾದ್ರೆ.’

ಅವನು ಪರದೆಯನ್ನು ಅವಳತ್ತ ತಿರುಗಿಸಿದ. ಅಂತರ್ಜಾಲದಲ್ಲಿ ಈ ಸುತ್ತಿನ ಜನ ಏನನ್ನು ಹುಡುಕುತ್ತಿದ್ದಾರೆ ಎಂದು ತೋರಿಸುವ ಪುಟ ಅದು. ಬೆಳಿಗ್ಗೆ ಎದ್ದು ಮೊದಲು ಇದನ್ನು ನೋಡುತ್ತೇನೆ, ಏರುತ್ತಿರುವ ಮಾತು ಯಾವುದೋ ಅದನ್ನು ತಲೆಬರಹದಲ್ಲಿ ಇಟ್ಟು ಬರೆಸುತ್ತೇನೆ, ಒಂದು ವರ್ಷದಲ್ಲಿ ಬ್ಲಾಗ್ ಬೆಳೆದದ್ದು ಹೀಗೇ ಎಂದು ವಿವರಿಸಿದ. ಹೇಳುತ್ತಾ ಹೇಳುತ್ತಾ ಅವನ ಧ್ವನಿಯಲ್ಲಿ ಹುರುಪೇ ಬಂತು. ‘ಭಾನುಪ್ರಿಯ ಮರಳವಾಡಿ ವಿಡಿಯೋ’ ಎಂಬ ಸಾಲಿನ ಎದುರು ಹಸಿರು ಗೆರೆ ಮೇಲಕ್ಕೆ ಹೋಗಿತ್ತು.

‘ನಾವು ಬರೆಯೋ ಮೊದಲೇ ಏರಿತ್ತು ಅಕ್ಕ. ತಾರೀಖು ನೋಡಿ.’

ಭಾನುಪ್ರಿಯ ತಾರೀಖು ನೋಡಿದಳು. ಇಬ್ಬನಿ ಶುರುವಾದ ದಿನಗಳು. ‘ಇದರ ಕೆಳಗೆ ಏನಿದೆ? ಕೆಳಗಿಳಿಸಿ.’

‘ಅದೆಲ್ಲ ಸಂಬಂಧಪಟ್ಟ ಹುಡುಕಾಟ...’

‘ಇಳಿಸಿ.’

ಅವನು ಇಳಿಸಿದ. ‘ಭಾನುಪ್ರಿಯ ಸುಣ್ಣ ವಿಡಿಯೋ.’ ‘ಸುಣ್ಣಕಟ್ಟು ರೋಗ ಮರಳವಾಡಿ.’ ‘ನಾಲ್ಕನೇ ಜ್ವರ ಸುಣ್ಣ ಹಾಕುವುದು.’

ಹುಳು ಜ್ವರಕ್ಕೆ ಕೂತಾಗ ಅದರ ಸೊಪ್ಪಿನ ಹಾಸಿಗೆಯ ಮೇಲೆ ಸುಣ್ಣದ ಪುಡಿಯನ್ನು ಹೇಗೆ ಉದುರಿಸಬೇಕು ಎಂದು ತೋರಿಸಿ ಅವಳು ಕಳೆದ ಚಳಿಗಾಲದಲ್ಲಿ ಮೊಬೈಲಿನಲ್ಲಿ ಮಾಡಿ ಹಾಕಿದ್ದ ವಿಡಿಯೋ ಅದು. ಈ ಚಳಿಗೆ ರೋಗ ಕಂಡ ರೈತರು ಮತ್ತೆ ಅದನ್ನೇ ಹುಡುಕಿದ್ದರು.

‘ಅಯ್ಯೋ,’ ಎಂದ ಶಶಾಂಕ್. ‘ಇದನ್ನ ನಾವು ಗಮನಿಸಲೇ ಇಲ್ಲ. ಹೆಂಗಸಿನ ಹೆಸರು, ಊರು, ವಿಡಿಯೋ ಅಂತ ಇದ್ರೆ ಸಾಮಾನ್ಯವಾಗಿ ಏನು ಅಂದ್ಕೋತಾರೆ ಹೇಳಿ. ತಪ್ಪಾಗಿ ಓದಿದೀವಿ.’

‘ನಾನು ಕೇಳಿದ್ದೆ ಸರ್.’ ಕವನ ತಿರುಗಿ ನೋಡದೆಯೇ ಹೇಳಿದಳು. ‘ಇದು ರೇಷ್ಮೆ ವಿಷಯ ಇರಬೇಕು, ಸುಣ್ಣದ ಬಗ್ಗೆ ಬರೀಲಾ ಅಂತ ಕೇಳಿದ್ದೆ.’

ಬೇಕರಿಯಿಂದ ಬಿಸಿ ಬನ್ನಿನ ವಾಸನೆ ಬರುತ್ತಿತ್ತು. ಶಶಾಂಕ್ ಕವನಳ ಬೆನ್ನನ್ನು ನೋಡಿದ.

‘ಇವರು ಏನಂದ್ರು?’ ಭಾನುಪ್ರಿಯ ಹುಡುಗಿಯನ್ನು ಕೇಳಿದಳು.

‘ಸುಣ್ಣ ಅಂತ ಹಾಕಿದ್ರೆ ಯಾರು ಕ್ಲಿಕ್ ಮಾಡ್ತಾರೆ ಅಂದ್ರು.’

ಬೋರಮ್ಮನಿಗೆ ಪರದೆ, ಗೆರೆ ಯಾವುದೂ ತಿಳಿದಿರಲಿಲ್ಲ. ಈ ಮಾತು ತಿಳಿಯಿತು. ‘ಗೊತ್ತಿದ್ದೂ ಮಾಡ್ದೇನ್ಲಾ? ನಿಮ್ಮವ್ವನ ಹೆಸರ ಮುಂದೆ ಬರ‍್ಕಳ್ಲಾ ಇಂತದ್ನ! ಅವಳ ಹೆಸ್ರು ಎದ್ದು ಕ್ಲಿಕ್ ಆಯ್ತದಾ ನೋಡವ!’

‘ಅಜ್ಜಿ, ಮರ್ಯಾದೆ ಕೊಟ್ಟು ಮಾತಾಡಿ.’

‘ಮರ್ವಾದೆ ಇದ್ದೋರ್ಗೆ ಕೊಡ್ತೀನಿ. ನಿಂತಾವ ಇಟ್ಕಳಕೆ ಜಾಗ ಎಲ್ಲೈತೆ?’

‘ಆಯ್ತು, ಬಿಡಿ. ಡಿಲೀಟ್ ಮಾಡ್ತೀನಿ. ಈಗಲೇ, ನಿಮ್ಮೆದುರಿಗೇ.’ ಅವನು ಮೌಸ್ ಹಿಡಿದ. ‘ಮುಗೀತಲ್ಲ?’

‘ಮುಟ್ಟಬೇಡ,’ ಎಂದಳು ಭಾನುಪ್ರಿಯ. ಬಹುವಚನ ಅಲ್ಲಿಗೆ ಬಿದ್ದುಹೋಯಿತು. ‘ಎಷ್ಟು ಜನ ಓದಿದ್ದಾರೆ?’

‘ಒಂದು... ನಲವತ್ತು ಸಾವಿರ.’

‘ಅಷ್ಟೂ ಜನದ ತಲೆಯೊಳಗಿಂದ ಡಿಲೀಟ್ ಮಾಡ್ತೀಯಾ? ನಾಳೆ ಯಾರಾದ್ರೂ ಹುಡುಕಿ, ಸಿಗದೇ ಇದ್ರೆ ಏನಂತಾರೆ? ವಿಡಿಯೋ ಇತ್ತು, ದುಡ್ಡು ಕೊಟ್ಟು ತೆಗೆಸಿದ್ಲು ಅಂತಾರೆ. ಮನೆ ಬಾಗಿಲಿಗೆ ಸಗಣಿ ಬಳಿದು, ಬಾಗಿಲನ್ನೇ ಕಿತ್ತುಕೊಂಡು ಹೋಗ್ತೀನಿ ಅಂತೀಯ. ಅದೇ ಪುಟ ಇರಬೇಕು. ಅದೇ ತಲೆಬರಹ. ಕೆಳಗಿನದು ಮಾತ್ರ ಹೊಸದು. ಬರಿ.’

ಅವನು ಬರೆದ. ‘ತಾಂತ್ರಿಕ ದೋಷದಿಂದಾಗಿ ಪ್ರಕಟವಾದ ಬರಹದಿಂದ ಓದುಗರಿಗೆ ಉಂಟಾದ ಗೊಂದಲಕ್ಕೆ ವಿಷಾದಿಸುತ್ತೇವೆ.’

‘ಯಾವ ತಂತ್ರ ಕೆಟ್ಟಿತ್ತು? ಕಂಪ್ಯೂಟರ್ ಸರಿಯಾಗೇ ಹೇಳಿದೆ, ಸುಣ್ಣ ಅಂತ. ಓದುಗರಿಗೆ ಗೊಂದಲ ಆಗ್ಲಿಲ್ಲ, ನನಗೆ ಅನ್ಯಾಯ ಆಯ್ತು. ತೆಗಿ ಅದನ್ನ.’

‘ಅಕ್ಕ, ಲೀಗಲ್ ಆಗಿ...’

‘ಲೀಗಲ್ಲು ಬೇಕಾ? ಪೊಲೀಸ್ ಸ್ಟೇಷನ್ ದೂರ ಏನಿಲ್ಲ. ಆ ಹುಡುಗಿ ಈಗ ಹೇಳಿದ್ದನ್ನ ಅಲ್ಲೂ ಹೇಳ್ತಾಳೆ. ಹೇಳ್ತೀಯೇನಮ್ಮ?’

ಕವನ ಈಗ ತಿರುಗಿದಳು. ಮುಖ ಬಿಳುಚಿತ್ತು. ‘ಹೇಳ್ತೀನಿ.’

ಸಂಜೆಯೊಳಗೆ ಅದೇ ಪುಟದಲ್ಲಿ ಹೊಸ ಬರಹ ಬಂತು. ಅಂಥ ವಿಡಿಯೋ ಇಲ್ಲ. ರೈತರು ಹುಡುಕಿದ್ದು ಸುಣ್ಣಕಟ್ಟು ರೋಗದ ವಿಡಿಯೋ. ಅದು ಗೊತ್ತಿದ್ದೂ ಓದುಗರನ್ನು ಸೆಳೆಯಲು ಬೇರೆ ಅರ್ಥ ಬರುವಂತೆ ಬರೆಸಿದೆ. ಫೋಟೊದಲ್ಲಿರುವುದು ಭಾನುಪ್ರಿಯ ಅಲ್ಲ. ಅವರ ಕ್ಷಮೆ ಕೇಳುತ್ತೇನೆ. ಕೆಳಗೆ ಶಶಾಂಕನ ಹೆಸರು, ಮಸುಕು ಮಾಡದ ಅವನ ಫೋಟೊ, ಅದರ ಕೆಳಗೆ ಸುಣ್ಣದ ವಿಡಿಯೋ.

ಮರುದಿನ ಸೌಮ್ಯ ಫೋನ್ ಮಾಡಿದಳು. ‘ಅಕ್ಕ, ಹೊಸ ಬೆಳೆ ಇಕ್ಕಬೇಕು. ಬತ್ತೀರಾ?’ ಅಷ್ಟೇ. ಕ್ಷಮೆ ಎಂಬ ಮಾತು ಇರಲಿಲ್ಲ. ಆದರೂ ಭಾನುಪ್ರಿಯ ಹೊರಟಳು. ದಾರಿಯಲ್ಲಿ ಶಶಾಂಕನ ಕರೆ ಬಂತು. ಧ್ವನಿ ಅರಳಿತ್ತು.

‘ಅಕ್ಕ, ನಂಬಲ್ಲ ನೀವು. ಕ್ಷಮೆ ಕೇಳಿದ ಪೋಸ್ಟ್ ಹಳೇದಕ್ಕಿಂತ ಜಾಸ್ತಿ ಓಡ್ತಿದೆ. ನೀವೊಂದು ಇಂಟರ್‌ವ್ಯೂ ಕೊಟ್ರೆ...’

‘ಅದರ ಕೆಳಗಿನ ಸುಣ್ಣದ ವಿಡಿಯೋ ಎಷ್ಟು ಜನ ನೋಡಿದ್ರು?’

‘ಅದು... ಅಷ್ಟಾಗಿ ಇಲ್ಲ.’

ಅವಳು ಫೋನ್ ಕತ್ತರಿಸಿ, ಆ ನಂಬರನ್ನು ಬ್ಲಾಕ್ ಮಾಡಿ, ಮತ್ತೆ ಸ್ಕೂಟರ್ ಹತ್ತಿದಳು.

ದೊಡ್ಡಆಲಹಳ್ಳಿಯಲ್ಲಿ ಗೇಟು ತೆರೆದಿತ್ತು. ಪಕ್ಕದ ತಿಪ್ಪೆಯಲ್ಲಿ ಸತ್ತ ಹುಳುಗಳು ಬೆಳ್ಳಗೆ ಚೆಲ್ಲಿಕೊಂಡಿದ್ದವು. ಸುಡಬೇಕಾದ್ದನ್ನು ಸ್ವಾಮಿ ಗೊಬ್ಬರಕ್ಕೆ ಎಸೆದಿದ್ದ. ಇನ್ನೊಂದು ಗಾಳಿಗೆ ರೋಗ ಊರಿಗೆಲ್ಲ ಹರಡುತ್ತಿತ್ತು.

‘ಬನ್ನಿ ಅಕ್ಕ,’ ಎಂದ ಸ್ವಾಮಿ. ‘ಆಗಿದ್ದಾಯ್ತು ಬುಡಿ. ಕಾಪಿ ಕುಡೀರಿ.’

‘ಆಗಿದ್ದು ನನಗೆ, ಬಿಡೋಕೆ ನೀನ್ಯಾರು? ಹುಳುಗೆ ರೋಗ ಬಂದಾಗ ಏನು ಮಾಡ್ದೆ?’

‘ನಿಮ್ಮ ಸುಣ್ಣದ ವಿಡಿಯೋನೇ ಹುಡುಕ್ದೆ ಕಣಕ್ಕ. ನಿಮ್ಮಾಣೆ. ಆದ್ರೆ ಮ್ಯಾಗೆ ಊರೋರೆಲ್ಲ ಆಡ್ಕತಿದ್ದ ಅದೇ ಬಂದ್ಬುಡ್ತು, ಅವನ್ಯಾವನೋ ಬರ‍್ದಿದ್ದು.’

‘ಅದರ ಕೆಳಗೆ ನೋಡ್ಲಿಲ್ವಾ?’

‘ಅದ್ನ ಓದಿದ್ಮ್ಯಾಕೆ...’ ಬಾಗಿಲಲ್ಲಿ ನಿಂತಿದ್ದ ಸೌಮ್ಯ ಹೇಳಿದಳು: ‘ಸುಣ್ಣ ಬುಟ್ಟು ಆ ಇಲ್ದಿರೋ ವಿಡಿಯೋನೇ ಹುಡುಕ್ತಾ ಕೂತಿದ್ರು ಕಣಕ್ಕ. ಮೂರು ದಿನ. ಒಳಗೆ ಹುಳ ಸಾಯ್ತಿದ್ವು.’

ಭಾನುಪ್ರಿಯ ಕಾಫಿ ಮುಟ್ಟಲಿಲ್ಲ. ಕಾಲು ತೊಳೆದುಕೊಂಡು ಹುಳು ಮನೆಯೊಳಕ್ಕೆ ಹೋದಳು. ಯಾರೂ ಅಡ್ಡ ಬರಲಿಲ್ಲ. ಖಾಲಿ ತಟ್ಟೆಗಳನ್ನು ಹೊರಗೆ ಹಾಕಿಸಿ, ತಿಪ್ಪೆಯ ಹುಳುಗಳನ್ನು ಸ್ವಾಮಿಯ ಕೈಯಿಂದಲೇ ಆರಿಸಿ ಸುಡಿಸಿದಳು. ಆಮೇಲೆ ಬ್ಲೀಚಿಂಗ್ ಪುಡಿ ಬೆರೆಸಿದ ಸುಣ್ಣದ ಬಕೆಟ್ಟನ್ನು ಅವನ ಮುಂದಿಟ್ಟು, ತನ್ನ ಮೊಬೈಲನ್ನು ಸೌಮ್ಯಳ ಕೈಗೆ ಕೊಟ್ಟಳು.

‘ರೋಗ ಬಂದ ಹುಳು ಮನೇನ ಹೇಗೆ ಶುದ್ಧ ಮಾಡೋದು ಅಂತ ಹೊಸ ವಿಡಿಯೋ ಹಾಕಬೇಕು. ಉದುರಿಸೋನು ನೀನು. ಮೊದಲು ನಿನ್ನ ಹೆಸರು, ಊರು ಹೇಳು. ಆಮೇಲೆ ರೋಗ ಯಾಕೆ ಬಂತು ಅಂತ ಹೇಳು.’

ಸ್ವಾಮಿ ಒಂದು ಹೆಜ್ಜೆ ಹಿಂದೆ ಸರಿದ. ‘ನನ್ನ ಹೆಸರ‍್ಯಾಕಕ್ಕ? ನೀವೇ ಮಾಡಿ. ನನ್ನ ಹೆಸ್ರು ಹಾಕಿ, ಮುಂದೆ ವಿಡಿಯೋ ಅಂತ ಬಂದ್ರೆ, ಜನ ಏನನ್ಕತಾರೆ?’

‘ಹೇಳು,’ ಎಂದಳು ಭಾನುಪ್ರಿಯ. ‘ಏನನ್ಕೋತಾರೆ?’

ಸ್ವಾಮಿ ಹೆಂಡತಿಯ ಕಡೆ ನೋಡಿದ. ಸೌಮ್ಯ ಮೊಬೈಲನ್ನು ಇನ್ನೊಂದಿಷ್ಟು ಹತ್ತಿರ ಹಿಡಿದಳು.

‘ಹೇಳ್ರಿ,’ ಎಂದಳು. ‘ಶುರು ಆಗೈತೆ.’