ಗಾಜಿನ ಮೇಲೆ ವಿಭೂತಿ

ಕೆಂಪು ಚುಕ್ಕಿ ಮತ್ತೆ ತಪ್ಪಿಸಿಕೊಂಡಿತು. ಅಕ್ಕಿ ಗಿರಣಿಯ ಹಿತ್ತಿಲಲ್ಲಿ ಪಿಸ್ತೂಲು ಚಾಚಿ ನಿಂತ ಮರುಳಸಿದ್ದಪ್ಪ ಎಡಗಣ್ಣು ಮುಚ್ಚಿ, ಸಂತೆಯಲ್ಲಿ ಕೈತಪ್ಪಿದ ಕೂಸನ್ನು ಹುಡುಕುವವನಂತೆ ಪಿಸ್ತೂಲಿನ ಮೇಲಿನ ಗಾಜಿನೊಳಗೆ ಅದನ್ನು ಹುಡುಕಿದ. ಸಿಕ್ಕಿತು, ಸಿಕ್ಕಿದ್ದೇ ಕುಣಿಯತೊಡಗಿತು. ಗುಂಡು ಗುರಿಗಿಟ್ಟ ಡಬ್ಬಿಯನ್ನು ಬಿಟ್ಟು ಹೊಟ್ಟಿನ ರಾಶಿಗೆ ಹೋಯಿತು. ಎದ್ದ ಧೂಳು ಕಂಪ್ಲಿ ದಾಟಿ ಹೊಳೆಯಾಚೆಯ ಗಂಗಾವತಿಯವರನ್ನೂ ಕೆಮ್ಮಿಸಿತು.

ಅವನೇನು ಸಾಮಾನ್ಯನೇ? ಕಾಲುವೆ ನೀರು ಬಂದು ಭತ್ತದ ಚೀಲಗಳೂ ಸಾವಕಾರರ ಹೊಟ್ಟೆಗಳೂ ಒಟ್ಟಿಗೇ ಉಬ್ಬಿದ ಕಾಲದಿಂದ, ಬನ್ನಿ ಹಬ್ಬದಂದು ಸಂಡೂರಿನ ಗುಡ್ಡದಡಿ ನಡೆಯುವ ಗುರಿಪಂದ್ಯದಲ್ಲಿ ಅವನನ್ನು ಸೋಲಿಸುವವರು ಹುಟ್ಟಿರಲಿಲ್ಲ. ಹಾರುವ ನೊಣದ ಎಡಮೀಸೆ ಹಾರಿಸಿ ಬಲಮೀಸೆ ಉಳಿಸಿದ್ದನ್ನು ಕಂಡವರು ಕಮಲಾಪುರದಲ್ಲಿ ಈಗಲೂ ಇದ್ದಾರೆ. ಅವನ ಸ್ವಂತ ಮೀಸೆಯ ಮೇಲಂತೂ ಎರಡು ನಿಂಬೆಹಣ್ಣು ಕೂತು ಊರು ನೋಡುತ್ತಿದ್ದವು.

ಆದರೆ ವಯಸ್ಸು ಐವತ್ತೈದು ದಾಟಿದ ಮೇಲೆ ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿದ್ದ ಕಬ್ಬಿಣದ ಮೊಳೆ ಎರಡಾಗಿ ಕಾಣತೊಡಗಿತು. ಕನ್ನಡಕ ಹಾಕಿದರೆ ಮೊಳೆ ನಿಚ್ಚಳ, ಗುರಿ ಮಾಯ. ಯಾರಿಗೂ ಹೇಳಲಿಲ್ಲ. ಮಸ್ಕತ್ತಿನ ಅಳಿಯ ಹೇಗೋ ಮೂಸಿ ನೋಡಿ ಈ ಪುಟ್ಟ ಗಾಜಿನ ಕಿಟಕಿ ತಂದು ಪಿಸ್ತೂಲಿನ ಮೇಲೆ ಕೂರಿಸಿದ. ಒಳಗೆ ಹೊತ್ತುವ ಕೆಂಪು ಚುಕ್ಕಿ ಎಲ್ಲಿ ಕೂರುತ್ತದೋ ಗುಂಡು ಅಲ್ಲಿಗೆ. ಎರಡೂ ಕಣ್ಣು ಬಿಟ್ಟು ಗುರಿಯನ್ನಷ್ಟೇ ನೋಡಿದರೆ ಚುಕ್ಕಿ ತಾನೇ ಬರುತ್ತದೆ ಎಂದ. ಆದರೆ ಎಡಗಣ್ಣು ಯಾರ ಮಾತು ಕೇಳೀತು? ಅಕ್ಕಿಯ ಮಾದರಿ ನೋಡುವಾಗಲೂ ಅದು ಮುಚ್ಚಿಕೊಳ್ಳುತ್ತಿತ್ತು. ಕೊಟ್ರಬಸಮ್ಮನನ್ನು ಹೆಣ್ಣು ನೋಡಲು ಹೋದಾಗಲೂ ಅವನು ನೋಡಿದ್ದು ಒಂದೇ ಕಣ್ಣಿನಲ್ಲಿ.

ಸುದ್ದಿ ಸಂಡೂರಿನ ಅದಿರು ಲಾರಿಗಳ ಮಾಲೀಕ ಓಬಳಪ್ಪನಿಗೆ ಮುಟ್ಟಿತು. "ಸಾವ್ಕಾರ್ರು ಈಗ ಅಳಿಯನ ಕಣ್ಣೀಲೆ ಗುರಿ ಹಿಡೀತಾರಂತ," ಎಂದು ಹೊಸಪೇಟೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎಲ್ಲರೆದುರು ನಕ್ಕ.

"ಈ ಸಲ ಸೋತ್ರ ನಿನ್ನ ಕೈಲೇ ಮೀಸಿ ಬೋಳಿಸ್ಕೋತೀನಿ. ಕತ್ತಿ ಮಸದಿಟ್ಕೋ ಲೇ," ಎಂದುಬಿಟ್ಟ ಅಲ್ಲೇ ಕೂತಿದ್ದ ಮರುಳಸಿದ್ದಪ್ಪ.

ಓಬಳಪ್ಪ ಮಸೆದೇ ಇಟ್ಟ. ಪಂದ್ಯದ ದಿನ ಕತ್ತಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ನೀರಿನ ಬಟ್ಟಲ ಸಮೇತ ಮುಂದಿನ ಕುರ್ಚಿಯಲ್ಲೇ ಕೂತಿದ್ದ.

ಮರುಳಸಿದ್ದಪ್ಪ ಪೆಟ್ಟಿಗೆ ತೆರೆದು ಪಿಸ್ತೂಲು ಎತ್ತಿದ. ಗಾಜು ಬೆಳ್ಳಗಿತ್ತು. ಹಿಂದಿನ ದಿನ ಆಯುಧಪೂಜೆಯಲ್ಲಿ ಕೊಟ್ರಬಸಮ್ಮ ಗಿರಣಿಯ ಯಂತ್ರ, ತಕ್ಕಡಿ, ಲಾರಿಗಳಿಗೆ ಬಳಿದಂತೆ ಇದಕ್ಕೂ ಮುಂಬದಿಯಿಂದ ಮೂರು ಬೆರಳಿನ ವಿಭೂತಿ ಬಳಿದಿದ್ದಳು, ಗೋಡೆಗೆ ಸುಣ್ಣ ಹೊಡೆದಷ್ಟು ದಪ್ಪಕ್ಕೆ. ಅವನು ಕರವಸ್ತ್ರ ತೆಗೆದ.

"ರೀ, ಪೂಜಿ ಇನ್ನಾ ಇಳಿಸಿಲ್ಲ. ಒರಸಬ್ಯಾಡ್ರಿ," ಎಂದಳು ಶಾಮಿಯಾನದ ಕೆಳಗಿನಿಂದ.

ಅವನು ಹೆದರುತ್ತಿದ್ದುದು ವೀರಭದ್ರನಿಗೆ ಮತ್ತು ಕೊಟ್ರಬಸಮ್ಮನಿಗೆ. ಇಬ್ಬರಲ್ಲಿ ವೀರಭದ್ರ ಬೇಡಿಕೊಂಡರೆ ಕರಗುವವನು. ಕರವಸ್ತ್ರ ಜೇಬಿಗೆ ಮರಳಿತು.

ಕೈ ಚಾಚಿದ. ಬಲಗಣ್ಣಿಗೆ ಬೂದಿಯ ಬಿಳುಪಿನಲ್ಲಿ ಉರಿಯುವ ಚುಕ್ಕಿಯೊಂದೇ. ಗುರಿ ಇಲ್ಲವೇ ಇಲ್ಲ. ಮೀಸೆ ನೆನಪಾಯಿತು. ಆಗ, ಬೇರೆ ದಾರಿ ಕಾಣದೆ, ಎಡಗಣ್ಣು ತುಕ್ಕು ಹಿಡಿದ ಕಾಲುವೆ ತೂಬಿನಂತೆ ಕಿರುಗುಟ್ಟಿ ತೆರೆದುಕೊಂಡಿತು. ಆ ಸದ್ದು ಹಿಂದಿನ ಸಾಲಿಗೂ ಕೇಳಿಸಿತಂತೆ. ಅದು ಗುರಿಯನ್ನು ನೋಡಿತು, ಬಲಗಣ್ಣು ಚುಕ್ಕಿಯನ್ನು ನೋಡಿತು. ಹುಡುಕದೆ, ಕರೆಯದೆ, ಚುಕ್ಕಿ ಹೋಗಿ ಗುರಿಯ ಹಣೆಯ ಮೇಲೆ ಕುಂಕುಮದಂತೆ ಕೂತಿತು.

ಐದು ಗುಂಡು ಹಾರಿದವು. ಕಾಗದದಲ್ಲಿ ಒಂದೇ ತೂತು. ಉಳಿದ ನಾಲ್ಕು ಗುಡ್ಡಕ್ಕೆ ಹೋದವೆಂದು ಓಬಳಪ್ಪ ಹಟ ಹಿಡಿದ. ಹಿಂದಿನ ಮಣ್ಣಿನ ದಿಬ್ಬ ಅಗೆಸಿದರು. ಐದೂ ಒಂದರ ಬೆನ್ನಿಗೊಂದು ಅಂಟಿಕೊಂಡು ಕೂತಿದ್ದವು. ಓಬಳಪ್ಪ ಮಸೆದ ಕತ್ತಿಯಿಂದ ನಿಂಬೆಹಣ್ಣು ಕೊಯ್ದು, ಗೆದ್ದವನಿಗೆ ಶರಬತ್ತು ಮಾಡಿ ಕುಡಿಸಿದ.

ಸಂಜೆ ಬನ್ನಿ ಕೊಟ್ಟು ಬಂದ ಮೇಲೆ ಕೊಟ್ರಬಸಮ್ಮ ಪೂಜೆ ಇಳಿಸಿದಳು. ತಕ್ಕಡಿ ಒರೆಸಿ, ಒದ್ದೆ ಬಟ್ಟೆ ಹಿಡಿದು ಪಿಸ್ತೂಲಿನತ್ತ ಬಂದಳು.

"ಅದೊಂದು ಇರ್ಲಿ ಬಿಡು," ಎಂದ.

ಯಾಕೆಂದು ಕೇಳಲು ತಿರುಗಿದಳು. ಅವನು ಅವಳನ್ನೇ ನೋಡುತ್ತಿದ್ದ, ಎಡಗಣ್ಣೂ ತೆರೆದಿತ್ತು.

"ಏನ್ರಿ ಹಂಗ ನೋಡ್ತೀರಿ, ಹೊಸಬರನ್ನ ನೋಡಿದಂಗ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಇನ್ನೊಂದು ಕೈಯ ಬಟ್ಟೆಯಿಂದ ನೀರು ನೆಲಕ್ಕೆ ಹನಿಯುತ್ತಲೇ ಇತ್ತು.